ಅಟ್ಟ ಹತ್ತದ ಕಂಪ್ಯೂಟರ್

ಯಂತ್ರವು ಕೆಲಸಕ್ಕೆ ಹೊಂದಿಕೊಳ್ಳಬೇಕೋ, ಕೆಲಸವೇ ಯಂತ್ರಕ್ಕೆ ಹೊಂದಿಕೊಳ್ಳಬೇಕೋ? ಓದುಗರೇ, ನೀವೇ ಹೇಳಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಇದರ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ವಾದಿಸಿ ಎರಡು ಸಲವೂ ಬಹುಮಾನ ಪಡೆದಿದ್ದೆ. ಆದ್ದರಿಂದ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ತಿಪಟೂರು ಕಡೆಯ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಕಾರ್ಯದರ್ಶಿಯಾದೊಡನೆ, ಅದನ್ನು ಗಣಕೀಕರಣದಿಂದ ಉದ್ಧರಿಸುವ ಅರ್ಹತೆ ನನ್ನೊಬ್ಬನಿಗೇ ಇದೆಯೆಂದು ತೀರ್ಮಾನಿಸಿದೆ.

ಬೆಂಗಳೂರಿನಿಂದ ತಂತ್ರಾಂಶದವನು ಬಂದ. "ನಿಮ್ಮ ವ್ಯವಹಾರ ಹೇಗೆ ನಡೆಯುತ್ತೆ ಸಾರ್?" ಎಂದು ಕೇಳಿದ. ನಾನು ಪಾರದರ್ಶಕತೆಯ ಬಗ್ಗೆ ಮಾತನಾಡಿದೆ. ಅವನ ಕಾಫಿ ಆರಿತು. ರೈತರ ಕಾಯಿಯನ್ನು ಸಂಘದ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟು, ಅದು ಒಳಗೇ ಒಣಗಿ ಕೊಬ್ಬರಿಯಾದ ಮೇಲಷ್ಟೇ ಇಳಿಸುತ್ತೇವೆಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅಷ್ಟು ಉನ್ನತ ಸಂವಾದದಲ್ಲಿ ಅಟ್ಟಕ್ಕೇನು ಕೆಲಸ? ಅವನು ದಿನಸಿ ಅಂಗಡಿಗೆಂದು ಬರೆದಿದ್ದ ತಂತ್ರಾಂಶವನ್ನೇ ನಮಗೂ ಹಾಕಿ ಹೋದ. "ಕಂಪ್ಯೂಟರ್ ಚೀಟಿಯಿಲ್ಲದೆ ಅಟ್ಟದಿಂದ ಒಂದು ಕಾಯಿಯೂ ಇಳಿಯತಕ್ಕದ್ದಲ್ಲ" ಎಂಬ ಠರಾವನ್ನು ನಾನೇ ಮಂಡಿಸಿದೆ. ಚಪ್ಪಾಳೆಯೂ ಬಿತ್ತು.

ಮರುವರ್ಷ ಹಾಲ್ಕುರಿಕೆಯಿಂದ ನಮ್ಮ ಮಾವನವರು, ಅಟ್ಟದಲ್ಲಿದ್ದ ತಮ್ಮ ಕಾಯಿ ಇಳಿಸಲು, ಸುಲಿಯುವ ಆಳುಗಳ ಸಮೇತ ಸಂಘಕ್ಕೆ ಬಂದರು. ಬೋರ್‌ವೆಲ್ ಮೋಟಾರು ಸುಟ್ಟು ಅವರ ತೋಟ ಬಾಡುತ್ತಿತ್ತು. ಕೊಬ್ಬರಿಗೆ ಅಪರೂಪಕ್ಕೆ ಒಳ್ಳೆಯ ಧಾರಣೆ ಬಂದಿತ್ತು; ಆ ವಾರದ ಹರಾಜಿನಿಂದ ಹೊಸ ಮೋಟಾರು ಬರಬೇಕಿತ್ತು.

ಗುಮಾಸ್ತ ಬಷೀರ್ ಗುಂಡಿ ಒತ್ತಿದ. "ಸಾರ್, ನಿಮ್ ಮಾವನೋರ ಕಾಯೇ ಇಲ್ಲ ಅಂತೈತೆ. ಮೂರು ತಿಂಗಳು ಅಲ್ಲಾಡದ ಮಾಲು ಕೊಳೆತೋಯ್ತು ಅಂತ ಅದೇ ತೆಗೆದಾಕೈತೆ."

ಮಾವನವರು ಕತ್ತೆತ್ತಿ ನೋಡಿದರು. "ಅಲ್ಲೇ ಕುಂತವೆ ಕಣಪ್ಪ. ಇಳಿಸ್ಕತ್ತೀನಿ ಬುಡು."

"ಠರಾವು ಇದೆ ಮಾವ."

"ಯಾರ್ದು?"

ಚರ್ಚಾಪಟುವಾದ ನಾನು ಫೋನಿನ ಕಡೆ ತಿರುಗಿದೆ. ಬೆಂಗಳೂರಿಗೆ ಫೋನ್ ಮಾಡಿದೆ. "ಕಾಯಿಯನ್ನ ಮೂರು ತಿಂಗಳೊಳಗೇ ಒಣಗಿಸಿಬಿಡಿ ಸಾರ್, ಸಿಸ್ಟಮ್ಮಿಗೆ ಅನುಕೂಲ" ಎಂದ ಆ ಮಹಾನುಭಾವ. ಅವನಿಗಿಂತ ದೊಡ್ಡ ಮಹಾನುಭಾವನಾದ ನಾನು ಆ ಸಲಹೆಯನ್ನು ಮಾವನವರಿಗೆ ಯಥಾವತ್ತಾಗಿ ತಲುಪಿಸಿದೆ.

"ಹಂಗೇ ಮರಕ್ಕೂ ಒಂದ್ ಫೋನ್ ಮಾಡ್ಬುಡಿ ಅಳಿಯಂದ್ರೇ" ಎಂದರು.

ಸದಸ್ಯರಿಗೆ ನೋಟಿಸು ಕಳಿಸಿ, ಸಭೆ ಕರೆದು, ನನ್ನ ಠರಾವನ್ನು ನಾನೇ ಖಂಡಿಸಿ ರದ್ದುಮಾಡುವಷ್ಟರಲ್ಲಿ ಹರಾಜು ಮುಗಿದಿತ್ತು. ಮುಂದಿನ ಹರಾಜಿಗೆ ಧಾರಣೆ ಕುಸಿಯಿತು. ಮಾವನವರು ಸುಟ್ಟ ಮೋಟಾರಿಗೇ ತಂತಿ ಸುತ್ತಿಸಿದರು.

ಮನೆಯಲ್ಲಿ ಹೆಂಡತಿ ಮುದ್ದೆ ಬಡಿಸುತ್ತಾ ಹೇಳಿದಳು: "ಅಪ್ಪ ಹೇಳ್ಕಳ್ಸವ್ರೆ ಕಣ್ರೀ. ನಿಮ್ಮನ್ನೂ ಒಂದ್ ವರ್ಷ ಅಟ್ಟದ ಮ್ಯಾಲೆ ಹಾಕ್ಬೇಕಂತೆ. ಒಳಗಿನ ನೀರೆಲ್ಲ ಇಂಗ್ಲಿ ಅಂತ."

ಓದುಗರೇ, ನಿಮ್ಮಲ್ಲಿ ನನ್ನದೊಂದೇ ವಿನಂತಿ: ನಿಮ್ಮ ಸಂಘಕ್ಕೆ ಕಂಪ್ಯೂಟರ್ ತರುವ ಮುನ್ನ, ಅದನ್ನು ಮಾರುವವನನ್ನೂ ಅದರ ಪರವಾಗಿ ಭಾಷಣ ಮಾಡುವವನನ್ನೂ ದಯವಿಟ್ಟು ಮೊದಲು ಅಟ್ಟ ಹತ್ತಿಸಿ. ಏಣಿ ನಮ್ಮಲ್ಲಿದೆ, ಬಂದು ಒಯ್ಯಿರಿ.