ರಾಯಚೂರು ಬಿಸಿಲಿಗೆ ಬಂದ ಫೌಜಿನ ರೇಡಿಯೊ

ಗುಟ್ಟಿನ ಕೆಲಸ ಅಂದಮೇಲೆ ಅದು ಊರಿಗೆಲ್ಲ ಗೊತ್ತಾಗಲೇಬೇಕು, ನಗೆಪಾಟಲೂ ಆಗಲೇಬೇಕು. ನನ್ನ ಅನುಭವವಂತೂ ಹೀಗೇ. ಸೇನೆಯ ಸಿಗ್ನಲ್ಸ್ ವಿಭಾಗದಿಂದ ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೆ, ಸೈನ್ಯಕ್ಕೆ ರೇಡಿಯೊ ಸೆಟ್ ಮಾಡುವ ಒಂದು ಕಂಪನಿ ನನ್ನನ್ನು ಕೆಲಸಕ್ಕೆ ಹಿಡಿಯಿತು. ಸೈನಿಕರು ಬೆನ್ನಿಗೆ ಹೊತ್ತುಕೊಂಡು ಮಾತಾಡುವ ಪೆಟ್ಟಿಗೆ ಅದು. ಒಂದು ಗುಂಡಿ ಒತ್ತಿದರೆ ಆಡಿದ ಮಾತನ್ನು ಕಲಸಿ ಕಳಿಸುತ್ತದೆ. ನಮ್ಮವರ ಪೆಟ್ಟಿಗೆಗೆ ಮಾತ್ರ ಮಾತು, ವೈರಿಯ ಕಿವಿಗೆ ಬರೀ ಗೊರಗೊರ. ಆದರೆ ಸೈನ್ಯ ಸುಮ್ಮನೆ ಕೊಂಡುಕೊಳ್ಳುವುದಿಲ್ಲ; ಬಿಸಿಲು, ಧೂಳು, ದೂರ ಎಲ್ಲದರಲ್ಲೂ ಪರೀಕ್ಷೆ ಮಾಡುತ್ತದೆ. ಬಿಸಿಲು, ಧೂಳು ಎರಡೂ ಪುಕ್ಕಟೆ ಸಿಗುವ ಜಾಗ ಹುಡುಕುತ್ತ ನಮ್ಮಲ್ಲಿಗೇ ಬಂದರು.

ಹುಲಿ ಬಂತು

ಮೊದಲ ದಿನ ಒಂದು ಪೆಟ್ಟಿಗೆಗೆ ‘ಹುಲಿ’, ಇನ್ನೊಂದಕ್ಕೆ ‘ಆನಿ’ ಅಂತ ಗುಟ್ಟಿನ ಹೆಸರಿಟ್ಟೆವು. ಹುಲಿಯನ್ನು ಒಬ್ಬ ಆಪರೇಟರನ ಜೊತೆ ಜೀಪಿನಲ್ಲಿ ಕಲ್ಮಲಕ್ಕೆ ಕಳಿಸಿ, ಆನಿ ಹಿಡಿದುಕೊಂಡು ನಾನು ಗಿಲ್ಲೆಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತೆ.

ಪೆಟ್ಟಿಗೆ ಒದರಿತು: “ಹುಲಿ ಕಲ್ಮಲಕ್ಕ ಬಂದದ! ಊರೊಳಗ ಹೊಂಟದ! ಓವರ್!”

ಬಸ್ಸಿಗೆ ಕಾಯುತ್ತಿದ್ದ ಮುದುಕಿಯ ಕೈಚೀಲ ಕೆಳಗೆ ಬಿತ್ತು. “ಯಪ್ಪಾ, ನನ್ನ ಮಗಳು ಕಲ್ಮಲದಾಗೇ ಅದಾಳ!” ಅನ್ನುತ್ತ ಫೋನು ಹಚ್ಚಿಯೇಬಿಟ್ಟಳು.

“ಯವ್ವಾ, ಅದು ಹುಲಿ ಅಲ್ಲ, ಈ ಪೆಟ್ಟಿಗಿ ಹೆಸರು,” ಅಂತ ನಾನು ತಿಳಿಸುವಷ್ಟರಲ್ಲಿ ಪೆಟ್ಟಿಗೆ ಮತ್ತೆ ಕೇಳಿತು: “ಆನಿ ಎಲ್ಲಿ ಅದ?”

“ಆನಿ ಗಿಲ್ಲೆಸುಗೂರು ಬಸ್‌ಸ್ಟ್ಯಾಂಡಿನಾಗ ಅದ,” ಅಂದೆ. ನಿಂತವರೆಲ್ಲ ಓಡಿದರು.

ಅತ್ತ ಕಲ್ಮಲದಲ್ಲಿ ಬಡಿಗೆ ಹಿಡಿದ ಜನ ಜೀಪು ಅಡ್ಡಗಟ್ಟಿ, “ಹುಲಿ ಯಾ ಕಡಿ ಹೋತ್ರಿ?” ಅಂತ ನಮ್ಮ ಆಪರೇಟರನನ್ನು ಕೇಳಿದರಂತೆ. ಅವನು ನಿಯಮಕ್ಕೆ ನಿಷ್ಠ. “ಹೇಳಂಗಿಲ್ಲ,” ಅಂದನಂತೆ, “ಅದು ದೇಶದ ಗುಟ್ಟು.”

ಪಾಸು, ಫೇಲು

ಬಿಸಿಲಿನ ಪರೀಕ್ಷೆಗೆ ಒಂದು ರೈಸ್‌ಮಿಲ್ಲಿನ ತಗಡಿನ ಚಾವಣಿ ಮೇಲೆ ಪೆಟ್ಟಿಗೆ ಇಟ್ಟೆವು. ಕಂಪನಿಯ ಎಂಜಿನಿಯರು ತಂಪು ಊರಿನಿಂದ ಬಂದವರು. ಪೆಟ್ಟಿಗೆಯ ಪಕ್ಕದಲ್ಲೇ ಟೋಪಿ ಹಾಕಿಕೊಂಡು ಕೂತರು.

ಮಿಲ್ಲಿನ ಮಾಲೀಕರು, ಹಣೆತುಂಬ ವಿಭೂತಿಯ ಹಿರಿಯರು, ಕೆಳಗಿನಿಂದ ಕರೆದರು: “ಸಾಹೇಬ್ರ, ಇಳಿದು ಬರ್ರಿ. ಮಜ್ಜಿಗಿ ಕುಡೀರಿ.”

“ಪರೀಕ್ಷೆ ಬಿಟ್ಟು ಬರೋ ಹಾಗಿಲ್ಲ!”

ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿದ್ದ ಸೆಟ್ಟಿನಲ್ಲಿ ಎಂಜಿನಿಯರ ದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಬಂತು: “ಯಾರಾದರೂ ನನ್ನನ್ನ ಇಳಿಸ್ಕೊಳ್ಳಿ.”

ಹಮಾಲರು ಮೇಲೆ ಹತ್ತಿಹೋಗಿ, ಅಕ್ಕಿ ಮೂಟೆ ಇಳಿಸಿದ ಹಾಗೆ ಅವರನ್ನು ಇಳಿಸಿದರು. ಮುಖಕ್ಕೆ ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಪೆಟ್ಟಿಗೆ ಹೇಗಿದೆ?”

ಮಾಲೀಕರು ಮಜ್ಜಿಗೆ ಕುಡಿಸುತ್ತ ಹೇಳಿದರು: “ಪೆಟ್ಟಿಗಿ ಪಾಸಾಗ್ಯದ್ರಿ. ಫೇಲಾದವ್ರು ನೀವ.”

ಹೌ

ಜೀಪಿನ ಡ್ರೈವರ್ ಮಾನ್ವಿಯವನು, ಮನೆಮಾತು ದಖನಿ. ದಖನಿಯಲ್ಲಿ ‘ಹೌ’ ಅಂದರೆ ಹೌದು. ಆಪರೇಟರ್ ಚಹಾಕ್ಕೆ ಹೋದಾಗ ಸೆಟ್ಟು ಅವನ ಕೈಗೆ ಬಂತು.

“ನನ್ನ ದನಿ ಸ್ಪಷ್ಟವಾಗಿ ಬರ್ತಿದೆಯಾ?” ಅಂತ ಎಂಜಿನಿಯರು ಕೇಳಿದರು.

“ಹೌ.”

ಇಂಗ್ಲಿಷಿನಲ್ಲಿ ‘ಹೇಗೆ’ ಅಂತ ಕೇಳುತ್ತಿದ್ದಾನೆ ಅಂದುಕೊಂಡು ಎಂಜಿನಿಯರು ಆಂಟೆನಾದಿಂದ ಶುರುಮಾಡಿ ಎಲ್ಲ ವಿವರಿಸಿದರು. “ಗೊತ್ತಾಯ್ತಾ?”

“ಹೌ.”

ಮತ್ತೆ ಮೊದಲಿನಿಂದ ಶುರು. ಕೊನೆಗೆ ಗಂಟಲು ಕಟ್ಟಿಕೊಂಡು ನನ್ನ ಹತ್ತಿರ ಬಂದು, “ನಿಮ್ಮ ಡ್ರೈವರಿಗೆ ಕಲಿಯೋ ಹುಮ್ಮಸ್ಸು ಬಹಳ,” ಅಂದರು.

ಡ್ರೈವರ್ ಸಂಜೆ ನನ್ನನ್ನು ಬದಿಗೆ ಕರೆದ. “ಅಣ್ಣಾ, ಸಾಹೇಬ್ರಿಗೆ ಬಿಸ್ಲು ಇನ್ನಾ ಇಳಿದಿಲ್ಲೇನು? ಹೌದು ಹೌದು ಅಂದ್ರೂ ಬಿಡವಲ್ರು!”

ಬಿಡಿಸಲಾಗದ ಮಾತು

ಕೊನೆಯ ದಿನ ಸೈನ್ಯದ ಕಡೆಯಿಂದ ಒಬ್ಬ ಕರ್ನಲ್ ಬಂದರು. ಬಂದಾಗಿನಿಂದ ಹಿಂದಿ ಬಿಟ್ಟು ಬೇರೆ ಮಾತಿಲ್ಲ. ಇವರು ಒಪ್ಪಿದರೆ ಮಾತ್ರ ಖರೀದಿ. ನಮ್ಮ ಕಂಪನಿ ಮ್ಯಾನೇಜರಿಗೆ ಬೆಳಗಿನ ತಿಂಡಿಯೂ ಇಳಿದಿರಲಿಲ್ಲ.

ಮಲ್ಲಟದ ಇಬ್ಬರು ಆಪರೇಟರುಗಳು, ಸಂಬಂಧದಲ್ಲಿ ಮಾವ ಅಳಿಯ, ಒಬ್ಬ ಮಾನ್ವಿ ಕಡೆ, ಇನ್ನೊಬ್ಬ ದೇವದುರ್ಗದ ಕಡೆ ನಿಂತರು. ಬಾಯಿಗೆ ಬಂದದ್ದು ಮಾತಾಡಿ ಅಂತ ಹೇಳಿದ್ದೆವು. ನಡುವೆ ಕರ್ನಲ್ ಸಾಹೇಬರು ವೈರಿಯ ಪಾತ್ರದಲ್ಲಿ ಒಂದು ಸಾದಾ ರಿಸೀವರ್ ಹಿಡಿದು ಕೂತರು. ಅದರಲ್ಲಿ ಗೊರಗೊರ ಬಂದರೆ ನಾವು ಗೆದ್ದ ಹಾಗೆ.

ಬಂದದ್ದು ಇದು:

“ಲೇ, ಹೊಟ್ಟಿಗೇನ್ ತಿಂದ್ಯೋ?”

“ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಾಕತ್ತೀನಿ ಮಾವಾ!”

“ನನಗ ಬಿಟ್ಟು ತಿನ್ನಾಕತ್ತೀಯೇನ್ ಬೇ? ಬಾ, ಮನ್ಯಾಗ ನೋಡ್ಕೋತೀನಿ ನಿನ್ನ!”

ಇಬ್ಬರೂ ಮಾತು ಕಲಸುವ ಗುಂಡಿ ಒತ್ತುವುದನ್ನೇ ಮರೆತಿದ್ದರು! ಆದರೆ ಕರ್ನಲ್ ಸಾಹೇಬರು ಕಣ್ಣು ಮುಚ್ಚಿ, ತಲೆದೂಗುತ್ತ ಹಿಂದಿಯಲ್ಲಿ ಅಂದರು: “ಅದ್ಭುತ! ಮನುಷ್ಯರ ದನಿ ಅಂತ ತಿಳಿಯುತ್ತದೆ, ಒಂದು ಶಬ್ದವೂ ಬಿಡಿಸಲು ಬರುವುದಿಲ್ಲ. ಇಂಥ ಕಲಸುಮೇಲೋಗರ ನಾನು ಎಲ್ಲೂ ಕೇಳಿಲ್ಲ!”

ಮ್ಯಾನೇಜರು ಸುಮ್ಮನಿರು ಅಂತ ನನ್ನ ಕಾಲು ತುಳಿದರು. ಆದರೆ ಆ ಪೆಟ್ಟಿಗೆ ನಾಳೆ ಯಾರದೋ ಮಕ್ಕಳ ಬೆನ್ನ ಮೇಲೆ ಗಡಿಗೆ ಹೋಗುವಂಥದ್ದು. ಕಾಲು ಎಳೆದುಕೊಂಡು ಎದ್ದು ನಿಂತೆ. ಗುಂಡಿ ಒತ್ತಿಸಿ ಮತ್ತೆ ಪರೀಕ್ಷೆ ಮಾಡಿದ್ದು, ಚೊಕ್ಕ ಗೊರಗೊರ ಬಂದು ಪೆಟ್ಟಿಗೆ ಪಾಸಾದದ್ದು ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ಮಾತ್ರ ನಾನು ಹೇಳಿದ್ದು ಇಷ್ಟೇ: “ಸರ್, ಮಾತು ಕಲಸಿಲ್ಲ. ಅದು ಬರೀ ಕನ್ನಡ.”

ಕರ್ನಲ್ ಸಾಹೇಬರ ಮುಖ ಕೆಂಪಾಯಿತು. ಅಲ್ಲಿಯವರೆಗಿನ ಹಿಂದಿ ಹಾರಿಹೋಗಿ, ಅಚ್ಚಗನ್ನಡದಲ್ಲಿ ಗುಡುಗಿದರು:

“ಯಾರ ಹತ್ರ ಸುಳ್ಳು ಹೇಳ್ತಿದ್ದೀರಿ? ನಾನು ಮೈಸೂರಿನವನು ಕಣ್ರೀ!”