ರವದಿ ಸುಡದ ಹೊಲ

ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದು ನಮ್ಮ ಕೊಣ್ಣೂರಿನ ರೂಢಿ. ಅದನ್ನು ನಿಲ್ಲಿಸುವುದು ನನ್ನಿಂದ ಸಾಧ್ಯವೆಂದು ನಂಬಿದ್ದೆ. ಇಡೀ ವೃತ್ತಿಜೀವನ ಸಮಾಜಶಾಸ್ತ್ರ ಬೋಧಿಸಿದವನು ನಾನು! ಮಠದ ಕಟ್ಟೆಯ ಮೇಲೆ ನಿಂತು ಘೋಷಿಸಿಯೂಬಿಟ್ಟೆ: "ಪರಿಸರ ಉಳಿಯಬೇಕಾದರೆ ಮೊದಲು ಸಮಾಜವನ್ನು ಅರಿಯಬೇಕು. ಒಬ್ಬನು ಮಾದರಿಯಾದರೆ ಉಳಿದವರು ತಾವಾಗಿ ಹಿಂಬಾಲಿಸುತ್ತಾರೆ. ನನ್ನ ರವದಿಯನ್ನು ನಾನು ಸುಡುವುದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮರುವಾರ ಎಲ್ಲರೂ ತಂತಮ್ಮ ರವದಿಗೆ ಬೆಂಕಿ ಹಚ್ಚಿದರು.

ಸುತ್ತಲಿನ ಹೊಲಗಳು ಉರಿದಾಗ ಅಲ್ಲಿದ್ದ ಹಾವುಗಳು ತಂಪಾದ ಆಶ್ರಯವನ್ನು ಹುಡುಕಿದವು. ಅಂಥದ್ದು ಒಂದೇ ಇತ್ತು, ನನ್ನ ಹೊಲ. ಸಮಾಜ ನನ್ನನ್ನು ಹಿಂಬಾಲಿಸಲಿಲ್ಲ, ಹಾವುಗಳು ಹಿಂಬಾಲಿಸಿದವು!

ಆಳುಗಳು ನೀರು ಬಿಡಲು ಬರಲೊಲ್ಲೆವೆಂದರು. ಕಬ್ಬಿನ ಬೊಡ್ಡೆಗಳು ಒಣಗತೊಡಗಿದವು. ನೀರಿಲ್ಲದೆ ಮುಂದಿನ ಬೆಳೆ ಮೊಳೆಯದು. ಧೈರ್ಯಮಾಡಿ ನಾನೇ ಸಲಿಕೆ ಹಿಡಿದು ಇಳಿದೆ. ರವದಿ ಸರಕ್ಕೆಂದಿತು. ಮರುಕ್ಷಣ ನಾನು ಬದುವಿನ ಮೇಲಿದ್ದೆ. ಸಲಿಕೆ ಅಲ್ಲಿಯೇ ಉಳಿಯಿತು.

"ಗಾಳಿರೀ ಅದು," ಎಂದಳು ಹೆಂಡತಿ ಗಂಗವ್ವ, ಮನೆಗೆ ಬಂದು ಹೇಳಿದಾಗ.

"ಗಾಳಿಗೆ ಹೆಡೆ ಇರುತ್ತದೆಯೇ?"

"ಹೆಡಿ ನೋಡಿದ್ರೇನು?"

"ನೋಡಲು ನಿಂತಿದ್ದರೆ ತಾನೆ!"

ಮರುದಿನ ಬೆಳಿಗ್ಗೆ ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಸೇರಿಸಿ ಹೊಲಕ್ಕೆ ಹೊರಟೆ. ಪರಿಸರವನ್ನು ಉಳಿಸಲು ಮೊದಲು ನಾನು ಉಳಿಯಬೇಕಷ್ಟೆ! ಗಂಗವ್ವ ಅನುಮಾನದಿಂದ ಬೆನ್ನುಹತ್ತಿದಳು.

ಬದುವಿನ ಮೇಲೆ ಓಣಿಯ ಹೆಂಗಸರೆಲ್ಲ ಹಾಲು, ಕುಂಕುಮ ಹಿಡಿದು ನಿಂತಿದ್ದರು. ಬಾಜೂ ಹೊಲದ ಬಸಣ್ಣ ಕೈಮುಗಿದ. "ಸರ್, ನಾಗಪ್ಪ ನಿಮ್ಮ ಹೊಲಾ ಆರಿಸ್ಯಾನ್ರಿ. ಇನ್ನ ನಾವ್ಯಾರೂ ರವದಿ ಸುಡಾಂಗಿಲ್ಲಂತ ಆಣಿ ಮಾಡೇವಿ."

"ನನ್ನ ಭಾಷಣ ನೆನಪಾಯಿತೇ?" ಎಂದೆ, ಆಸೆಯಿಂದ.

"ಯಾವ ಭಾಷಣಾರಿ?"

ಅಷ್ಟರಲ್ಲಿ ಊದಿನಕಡ್ಡಿ ಹಿಡಿದಿದ್ದ ಮುದುಕಿಯೊಬ್ಬಳು ಕೂಗಿದಳು: "ಯವ್ವಾ, ಕಡ್ಡಿಪೆಟ್ಟಿಗಿ ಮರತ ಬಂದೇನಿ! ಯಾರ ಕಡೆ ಐತಿ?"

"ನಮ್ಮ ಮನಿಯವರ ಕಿಸೇದಾಗ ಐತಿ ನೋಡ್ರಿ," ಎಂದಳು ಗಂಗವ್ವ, ನನ್ನನ್ನೇ ದಿಟ್ಟಿಸುತ್ತ.

ಮುದುಕಿಯ ಕಣ್ಣುಗಳು ತುಂಬಿದವು. "ಏನ್ ಭಕ್ತಿರೀ ಸರ್ದು! ಪೂಜಾಕಂತ ಮನಿಯಿಂದನ ತಂದಾರ!"

ಕಿಸೆಯಿಂದ ತೆಗೆದು ಕೊಟ್ಟೆ.

"ಈಗ ನೀವ ಒಳಗ ಹೋಗಿ ನೀರ ಬಿಡ್ರಿ ಸರ್," ಎಂದ ಬಸಣ್ಣ. "ಚಪ್ಪಲಿ ಇಲ್ಲೇ ಕಳೀರಿ. ದೇವರ ಜಾಗಾ."

ಚಪ್ಪಲಿ ಕಳೆದೆ. ಕಾಲು ಏಳಲಿಲ್ಲ. ಗಂಗವ್ವ ಸೆರಗು ಸಿಕ್ಕಿಸಿ ಸರಸರನೆ ಹೋಗಿ ನೀರು ಬಿಟ್ಟು ಬಂದಳು. ಅಷ್ಟು ಹೊತ್ತೂ ನಾನು ಹೆದರಿ ಕಣ್ಣುಮುಚ್ಚಿ ನಿಂತಿದ್ದೆ.

ಅದನ್ನೂ ಅವರು ಧ್ಯಾನವೆಂದೇ ತಿಳಿದರು!