ಗಾಲ್ಫ್ ಮೈದಾನಕ್ಕೆ ಕುರಿ ಬಿಟ್ಟಿದ್ದು

ಹುಲ್ಲು ಬೆಳೆಸುವುದು ಒಂದು ವಿದ್ಯೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನಾವು ಬೇಡವೆಂದರೂ ಅಂಗಳದಲ್ಲಿ, ಚರಂಡಿಯ ಸಂದಿಯಲ್ಲಿ, ಕೊನೆಗೆ ಹಂಚಿನ ಮೇಲೂ ಬೆಳೆಯುವ ಪದಾರ್ಥ ಅದು. ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕೆ? ಬೇಕೇ ಬೇಕೆಂದರೆ ಆ ಮನುಷ್ಯ ನನಗಿಂತ ಯೋಗ್ಯನಿರಲು ಸಾಧ್ಯವೆ? ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾಗುವ ತನಕ ನಾನು ನಿಂತದ್ದು, ಕೂತದ್ದು, ಉಂಡದ್ದು ಎಲ್ಲ ಮೈದಾನದಲ್ಲೇ. ಆ ಮೈದಾನದಲ್ಲಿ ಹುಲ್ಲಿರಲಿಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ವಿಶಾಲಾಕ್ಷಿಯ ತಮ್ಮ ಮಹೇಶನಿಗೆ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ವ್ಯಾಪಾರದ ಮೇಲೆ ಯಾವುದೋ ದೊಡ್ಡ ಊರಿಗೆ ಹೋದಾಗ ಗಾಲ್ಫ್ ಆಡುವುದನ್ನು ನೋಡಿ ಬಂದ. ದೊಡ್ಡ ದೊಡ್ಡವರು ಬಿಳಿ ಟೋಪಿ ಹಾಕಿಕೊಂಡು ಸಣ್ಣ ಚೆಂಡಿನ ಹಿಂದೆ ನಿಧಾನವಾಗಿ ನಡೆಯುವುದು ಅವನ ಮನಸ್ಸಿಗೆ ನಾಟಿತು. ಗೋವಿನಕೋವಿಯ ಹತ್ತಿರ ಅವನದೊಂದು ಏರುತಗ್ಗಿನ ಹೊಲ ಬಿದ್ದಿತ್ತು. ಅದರಲ್ಲಿ ಆರು ಗುಂಡಿ ತೋಡಿಸಿ, ಪ್ರತಿ ಗುಂಡಿಗೂ ಒಂದು ಬಾವುಟ ನೆಟ್ಟು, ಸುತ್ತ ಬರ್ಮುಡಾ ಎಂಬ ಹುಲ್ಲನ್ನು ಚಾಪೆಯಂತೆ ತರಿಸಿ ಹಾಸಿಸಿದ. ಗುಂಡಿಯ ಸುತ್ತಲಿನ ಆ ನುಣುಪಾದ ಹುಲ್ಲಿಗೆ 'ಗ್ರೀನ್' ಎನ್ನುತ್ತಾರಂತೆ. ನಮ್ಮ ಕಡೆ ಅದೇ ಹುಲ್ಲಿಗೆ ಗರಿಕೆ ಎನ್ನುತ್ತಾರೆ. ಈ ಸಂಗತಿ ಅಂದೇ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ ನಾನು ಇಂದು ತಲೆಯೆತ್ತಿ ತಿರುಗುತ್ತಿದ್ದೆ.

ಉದ್ಘಾಟನೆ ಶ್ರಾವಣದ ಮೊದಲ ಸೋಮವಾರ ಎಂದಾಯಿತು. ಅಲ್ಲಿಯವರೆಗೆ ಬೇಸಿಗೆಯ ಆರೈಕೆ, ಮಳೆಗಾಲದ ಆರೈಕೆ ಎರಡನ್ನೂ ನೋಡಿಕೊಳ್ಳಲು ನಂಬಿಕಸ್ಥ ಮನುಷ್ಯ ಬೇಕಿತ್ತು. ಇಲ್ಲೊಂದು ಹಿನ್ನೆಲೆ ಹೇಳಬೇಕು. ನನ್ನ ಹೆಂಡತಿಯ ತವರಿನಲ್ಲಿ ನನಗೆ ಯಾವ ಕೆಲಸವನ್ನೂ ವಹಿಸುವುದಿಲ್ಲ. ಮಹೇಶನ ಮದುವೆಯಲ್ಲಿ ದಿಬ್ಬಣದ ಬಸ್ಸಿನ ಜವಾಬ್ದಾರಿ ನನಗೆ ಕೊಟ್ಟಿದ್ದರು. ನಾನು ಬಸ್ಸನ್ನು ಸರಿಯಾದ ಹೊತ್ತಿಗೆ, ತಪ್ಪಾದ ಕಲ್ಯಾಣ ಮಂಟಪಕ್ಕೆ ಮುಟ್ಟಿಸಿದೆ. ಎಲ್ಲರೂ ಕೈಕಾಲು ತೊಳೆದು ಉಪ್ಪಿಟ್ಟು, ಕೇಸರಿಬಾತು ತಿಂದು ಮುಗಿಸಿದ ಮೇಲೆ ಮದುಮಗ ನಮ್ಮವನಲ್ಲ ಎಂದು ಗೊತ್ತಾಯಿತು! ಅಂದಿನಿಂದ ಆ ಮನೆಯಲ್ಲಿ ನನಗೆ ಊಟಕ್ಕೆ ಕೂರುವುದೊಂದೇ ಕೆಲಸ.

ಹೀಗಿರುವಾಗ ವಿಶಾಲಾಕ್ಷಿ ತವರಿನ ನಡುಮನೆಯಲ್ಲಿ ಎಲ್ಲರೆದುರು ನಿಂತು ನನ್ನ ಪರವಾಗಿ ವಾದ ಮಾಡಿದಳು. "ನಮ್ಮನೆಯವ್ರ ಕೈಗೆ ಕೊಡು ಮಹೇಶ. ಏನಾದ್ರೂ ಆದ್ರೆ ನನ್ನ ಕೇಳು," ಎಂದಳು. ಮಹೇಶ ಅಕ್ಕನ ಮಾತು ತೆಗೆದುಹಾಕುವವನಲ್ಲ, ಒಪ್ಪಿಕೊಂಡ. ಅತ್ತೆಯವರು ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ, "ಬಸ್ಸಿನ ಹಂಗಾಗ್ದಿದ್ರೆ ಸಾಕು," ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನೋಡ್ರಿ, ಈ ಸಲ ಕೆಟ್ರೆ ನಾನು ತವರಿಗೆ ಯಾವ ಮುಖ ಇಟ್ಕಂಡು ಹೋಗ್ಲಿ?" ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಹುಲ್ಲಿನ ವಿಷಯದಲ್ಲಿ ಚಿಂತೆ ಮಾಡಕೂಡದೆಂದು ಅಪ್ಪಣೆ ಕೊಡಿಸಿದೆ.

ಬೇಸಿಗೆ ಬಂತು. ಹುಲ್ಲು ಕತ್ತರಿಸಲು ಮಹೇಶ ಒಂದು ಯಂತ್ರ ತರಿಸಿದ್ದ. ಅದನ್ನು ಆಳುಗಳ ಕೈಗೆ ಕೊಡಬಾರದು, ಹಾಳು ಮಾಡುತ್ತಾರೆ ಎಂದು ನಾನೇ ಓಡಿಸಿದೆ. ನಮ್ಮ ಕಡೆಯ ಹೊಲಗಳಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ. ಎರಡನೇ ಗುಂಡಿಯ ಹತ್ತಿರ ಯಂತ್ರ ಒಂದು ಕಲ್ಲನ್ನು ಕಂಡಿತು. ನಾನು ಕಾಣಲಿಲ್ಲ. ಢಣ್ ಎಂದು ಶಬ್ದವಾಗಿ, ಬ್ಲೇಡಿನ ಅರ್ಧ ಭಾಗ ಬೇಲಿ ದಾಟಿ ಪಕ್ಕದ ಹೊಲಕ್ಕೆ ಹೋಯಿತು. ನ್ಯಾಮತಿಯ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಯಂತ್ರವನ್ನು ತಿರುವಿ ಮುರುವಿ ನೋಡಿ, ನೇಗಿಲಿನ ಕುಳವಾಗಿದ್ದರೆ ಮಾಡಿಕೊಡುತ್ತಿದ್ದೆ ಎಂದು ಸಮಾಧಾನ ಹೇಳಿ ಕಳಿಸಿದ.

ಹುಲ್ಲು ಮೊಣಕಾಲಿಗೆ ಬರತೊಡಗಿತು. ಮಹೇಶನಿಗೆ ಹೇಳೋಣವೆಂದರೆ ಹೆಂಡತಿಯ ಮಾತು ನೆನಪಾಗುತ್ತಿತ್ತು. ಮೊಬೈಲಿನಲ್ಲಿ ಉಪಾಯ ಹುಡುಕುತ್ತಾ ಕೂತೆ. ಆಗ ಒಂದು ಸತ್ಯ ಕಣ್ಣಿಗೆ ಬಿತ್ತು. ಹಿಂದಿನ ಕಾಲದಲ್ಲಿ ಗಾಲ್ಫ್ ಮೈದಾನಗಳ ಹುಲ್ಲನ್ನು ಕುರಿಗಳೇ ಮೇಯ್ದು ಒಪ್ಪ ಮಾಡುತ್ತಿದ್ದವಂತೆ! ನಾನು ಕುರ್ಚಿಯಿಂದ ಎದ್ದು ನಿಂತೆ. ಬೇಸಿಗೆಯಲ್ಲಿ ಜಗಳೂರಿನ ಕಡೆಯಿಂದ ಕುರಿ ಮಂದೆಗಳು ನಮ್ಮ ಕಡೆ ಇಳಿಯುತ್ತವೆ. ರೈತರು ಅವನ್ನು ಕರೆದು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕುರಿ ಮಲಗಿದ ಹೊಲಕ್ಕೆ ಹಿಕ್ಕೆ ಬಿದ್ದು ಒಳ್ಳೆಯ ಗೊಬ್ಬರವಾಗುತ್ತದೆ. ಅಂದರೆ ಹಗಲು ಹುಲ್ಲು ಕತ್ತರಿಸುವುದು, ರಾತ್ರಿ ಗೊಬ್ಬರ ಹಾಕುವುದು, ಎರಡೂ ಒಂದೇ ಪ್ರಾಣಿಯಿಂದ. ಇಂಥ ಯಂತ್ರವನ್ನು ಯಾವ ಕಂಪನಿ ತಾನೇ ಮಾಡೀತು?

ತಿಪ್ಪೇಸ್ವಾಮಿ ಎಂಬ ಕುರಿಗಾರನನ್ನು ಹುಡುಕಿ ಕರೆತಂದೆ. ಅವನು ಹಸಿರು ಮೈದಾನವನ್ನೂ ಬಾವುಟಗಳನ್ನೂ ನೋಡಿ, ಇಲ್ಲಿ ಯಾರ ಸಮಾಧಿ ಐತೆ ಸಾರ್ ಎಂದು ಭಕ್ತಿಯಿಂದ ಚಪ್ಪಲಿ ಬಿಟ್ಟ. ಹಾಗೇನಿಲ್ಲವೆಂದು ವಿವರಿಸಿದ ಮೇಲೆ, "ನಮ್ಮ ಕುರಿ ಮಲಗಿದ್ ಕಡೆ ಬೆಳಿ ಎದ್ದು ನಿಲ್ತೈತೆ ಸಾರ್, ನೀವೇ ನೋಡ್ತೀರಿ," ಎಂದು ಭರವಸೆ ಕೊಟ್ಟ. ಪಾಪ, ಅವನು ಸುಳ್ಳು ಹೇಳಲಿಲ್ಲ.

ಕುರಿಗಳು ಚೆನ್ನಾಗಿಯೇ ಮೇಯ್ದವು. ನಾನು ಕೊರಳಿಗೆ ಸೀಟಿ ಹಾಕಿಕೊಂಡು ಅವನ್ನು ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಸಾಲಾಗಿ ನಡೆಸಲು ನೋಡಿದೆ. ಶಾಲೆಯಲ್ಲಿ ಮಕ್ಕಳು ಎಷ್ಟು ಕೇಳುತ್ತಿದ್ದರೋ ಕುರಿಗಳೂ ಅಷ್ಟೇ ಕೇಳಿದವು. ಮಂದೆಯಲ್ಲಿದ್ದ ಆಡುಗಳು ಮಾತ್ರ ಹುಲ್ಲು ಮುಟ್ಟದೆ ಮೂರು ಬಾವುಟ ತಿಂದವು. ಆದರೆ ಮಂದೆ ಹೊರಟ ದಿನ ಮೈದಾನ ಕ್ಷೌರ ಮಾಡಿಸಿಕೊಂಡಂತೆ ಒಪ್ಪವಾಗಿತ್ತು. ಫೋಟೋ ತೆಗೆದು ಮಹೇಶನಿಗೆ ಕಳಿಸಿದೆ. "ಭಾವ, ಭಾರಿ ಐತೆ," ಎಂದು ಫೋನ್ ಮಾಡಿದ. ಅಂದು ವಿಶಾಲಾಕ್ಷಿ ಹೋಳಿಗೆ ಮಾಡಿದಳು. ಅತ್ತೆಯವರೂ ಫೋನಿನಲ್ಲಿ ನನ್ನ ಆರೋಗ್ಯ ವಿಚಾರಿಸಿದರು. ಬದುಕಿನಲ್ಲಿ ನಾನು ಅಷ್ಟು ಸುಖವಾಗಿ ನಿದ್ದೆ ಮಾಡಿದ್ದು ಅದೇ ಕೊನೆ.

ಮಳೆ ಬಿತ್ತು. ಗರಿಕೆ ಚಿಗುರಿತು. ಅದರ ನಡುನಡುವೆ ಪುಟ್ಟ ಪುಟ್ಟ ಎಲೆಯ ಸಸಿಗಳೂ ಎದ್ದವು. ನೋಡಲು ಮುದ್ದಾಗಿದ್ದವು. ಗೊಬ್ಬರದ ಗುಣ ಎಂದು ನಾನು ಬಗ್ಗಿ ಅವನ್ನು ನೇವರಿಸಿದೆ. ಮುಂದಿನ ವಾರ ನೇವರಿಸಿದಾಗ ಬೆರಳಿನಲ್ಲಿ ರಕ್ತ ಬಂತು. ಬಳ್ಳಾರಿ ಜಾಲಿ! ಜಗಳೂರಿನ ಬಯಲಿನಲ್ಲಿ ಬೇಸಿಗೆಯಲ್ಲಿ ಕುರಿಗೆ ಸಿಗುವುದೇ ಜಾಲಿಯ ಕಾಯಿ. ತಿಂದ ಕಾಯಿ ಅರಗುತ್ತದೆ, ಬೀಜ ಅರಗುವುದಿಲ್ಲ. ಅಷ್ಟೂ ಬೀಜವನ್ನು ಆ ಕುರಿಗಳು ಅಷ್ಟು ದೂರದಿಂದ ಹೊಟ್ಟೆಯಲ್ಲಿ ಹೊತ್ತು ತಂದು, ಗೊಬ್ಬರದ ಸಮೇತ, ನನ್ನ ಆರು ಗ್ರೀನಿನಲ್ಲಿ ಬಿತ್ತಿ ಹೋಗಿದ್ದವು. ಒಬ್ಬ ರೈತ ಕೂರಿಗೆ ಹಿಡಿದು ಬಿತ್ತಿದ್ದರೂ ಅಷ್ಟು ಸಮನಾಗಿ ಹುಟ್ಟುತ್ತಿರಲಿಲ್ಲ.

ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನೀವು ಕೇಳಬಹುದು. ದಿನವೂ ಹೋಗಿ ನೋಡಿ, ಎದೆ ಒಡೆದುಕೊಂಡು ವಾಪಸು ಬರುತ್ತಿದ್ದೆ. ತಾನಾಗಿ ಒಣಗೀತು ಎಂದು ದೇವರಿಗೆ ಹರಕೆ ಹೊತ್ತಿದ್ದೆ. ಕೊನೆಗೆ ಸಾಸ್ವೆಹಳ್ಳಿಯಿಂದ ಗಂಗಮ್ಮ ಎಂಬಾಕೆಯ ಗುಂಪನ್ನು ಕರೆಸಿದೆ. ಕಳೆ ತೆಗೆಯುವುದರಲ್ಲಿ ಆ ಹೆಂಗಸರದು ಎತ್ತಿದ ಕೈ. ಲಗೇಜ್ ಆಟೋ ತುಂಬ ಬಂದರು. ನಾನು ದಿಬ್ಬದ ಮೇಲೆ ನಿಂತು ಸೀಟಿ ಊದಿ, "ಗುಂಡಿ ಸುತ್ತ ಕಳೆ ಒಂದೂ ಉಳೀಬಾರದು. ಬೇರು ಸಮೇತ ಬರಬೇಕು," ಎಂದು ಆಜ್ಞೆ ಮಾಡಿದೆ. ಬಿಡ್ರಿ ಸಾರ್, ನಮಗೇನು ಹೊಸದಾ ಎಂದು ಗಂಗಮ್ಮ ಸೆರಗು ಸಿಕ್ಕಿಸಿದಳು.

ನಾನು ನಿಂತು ನೋಡಬೇಕಿತ್ತು. ನೋಡಲಿಲ್ಲ. ಹೊನ್ನಾಳಿಯಲ್ಲಿ ಉದ್ಘಾಟನೆಯ ಫ್ಲೆಕ್ಸ್ ತಯಾರಾಗುತ್ತಿತ್ತು. ಅದರಲ್ಲಿ ನನ್ನದೂ ಫೋಟೋ ಇತ್ತು. ಕೈಕಟ್ಟಿ, ಸೀಟಿ ಧರಿಸಿ, ದೂರಕ್ಕೆ ದಿಟ್ಟಿಸುತ್ತಿರುವ ಭಂಗಿ. ಕೆಳಗೆ 'ಮೈದಾನ ನಿರ್ವಹಣಾಧಿಕಾರಿ'. ನನ್ನ ಮೀಸೆ ಸ್ವಲ್ಪ ಕಪ್ಪಾಗಬೇಕು, ಆಳೆತ್ತರ ಬರಬೇಕು ಎಂದು ಫ್ಲೆಕ್ಸಿನವನ ಪಕ್ಕದಲ್ಲಿ ಸಂಜೆಯವರೆಗೆ ಕೂತೆ.

ವಾಪಸು ಬಂದು ನೋಡಿದರೆ ಆರೂ ಗ್ರೀನು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಎಳೆ ಗರಿಕೆ ಇರಲಿಲ್ಲ. ಮಣ್ಣು ಸಡಿಲವಾಗಿ, ಹದವಾಗಿ, ಬಿತ್ತನೆಗೆ ಸಿದ್ಧವಾದ ಮಡಿಯಂತೆ ಮಲಗಿತ್ತು. ಅದರ ಮೇಲೆ ಜಾಲಿ ಸಸಿಗಳು ಮಾತ್ರ, ಇನ್ನು ತಮಗೆ ಪೈಪೋಟಿಯಿಲ್ಲವೆಂದು ಗಾಳಿಗೆ ತಲೆದೂಗುತ್ತಿದ್ದವು.

"ಗಂಗಮ್ಮ, ಹುಲ್ಲು ಎಲ್ಲಿ?" ಎಂದೆ.

"ಒಂದು ಎಳೆ ಬಿಟ್ಟಿಲ್ಲ ಸಾರ್. ಗರಿಕೆ ಅಂದ್ರೆ ಬಲು ಹಠದ ಕಳೆ, ಚೂರು ಬೇರು ಉಳಿದ್ರೂ ಮತ್ತೆ ಹಬ್ತೈತೆ. ಕಳೆ ತೆಗೆಯೋ ಕುರುಚಿಗೆ ಹಾಕಿ ಅಗೆದು ಕಿತ್ತೀವಿ."

"ಮತ್ತೆ ಈ ಜಾಲಿ?"

"ಅದು ಮುಳ್ಳು ಸಾರ್, ನಮ್ಮ ಕೈಲಿ ಆಗಲ್ಲ. ಅದನ್ನ ಕಡಿಯಾಕೆ ನಾಳೆ ಗಂಡಾಳು ಕಳಿಸ್ತೀವಿ."

ತಪ್ಪು ಆಕೆಯದಲ್ಲ. ಹೊಲ ಹಸನು ಮಾಡುವವರಿಗೆ ಗರಿಕೆಗಿಂತ ದೊಡ್ಡ ಶತ್ರು ಇಲ್ಲ. ನಾನೂ ಇದೇ ನೆಲದಲ್ಲಿ ಹುಟ್ಟಿದವನು. ಗರಿಕೆ ಕಿತ್ತು ಕಿತ್ತು ಬೆನ್ನು ಬಾಗಿದ ಅಪ್ಪನ ಮಗ. ಆದರೂ 'ಕಳೆ' ಎಂದಾಗ ಅವರಿಗೆ ಯಾವುದು ಕಾಣುತ್ತದೆಂದು ನನಗೆ ಹೊಳೆಯಲಿಲ್ಲ!

ಕಿತ್ತ ಗರಿಕೆಯನ್ನಾದರೂ ಮತ್ತೆ ನೆಡೋಣವೆಂದು ಹುಡುಕಿದೆ. ಅದನ್ನು ಹೊರೆ ಕಟ್ಟಿ ಆಗಲೇ ಆಟೋದಲ್ಲಿ ಸಾಸ್ವೆಹಳ್ಳಿಗೆ ಕಳಿಸಿದ್ದರು. ಸ್ಕೂಟರ್ ಹತ್ತಿ ಬೆನ್ನಟ್ಟಿದೆ. ಗಂಗಮ್ಮನ ಕೊಟ್ಟಿಗೆಯಲ್ಲಿ ಒಂದು ಕೆಂದ ಹಸು ನಿಂತಿತ್ತು. ಮುಂದೆ ಖಾಲಿ ಗೋದಲಿ. ಮಹೇಶನ ಬರ್ಮುಡಾ ಹುಲ್ಲನ್ನು ಅದು ಕಣ್ಣು ಅರೆಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ನನಗೆ ಅಲ್ಲೇ ಗೋದಲಿಯ ಅಂಚಿನ ಮೇಲೆ ಕೂತು ಅಳು ಬಂತು. ಸುಳ್ಳಲ್ಲ, ಅತ್ತೇಬಿಟ್ಟೆ.

ಮನೆಗೆ ಬಂದಾಗ ವಿಶಾಲಾಕ್ಷಿ ಉದ್ಘಾಟನೆಗೆಂದು ತೆಗೆದಿಟ್ಟ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಸೀರೆಯನ್ನು ಮಡಿಸಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದಳು. ಆ ಬೀಗದ ಶಬ್ದ ಯಂತ್ರದ ಬ್ಲೇಡು ಮುರಿದ ಶಬ್ದಕ್ಕಿಂತ ಜೋರಾಗಿತ್ತು. ಮಹೇಶನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಭಾವ, ನೀವದೀರಿ ಅಂತ ನಂಗೆ ಚಿಂತೇನೇ ಇಲ್ಲ," ಎಂದು ಇಟ್ಟುಬಿಟ್ಟ. ಮತ್ತೆ ಮಾಡುವ ಧೈರ್ಯ ನನಗಾಗಲಿಲ್ಲ.

ಸೋಮವಾರ ಚನ್ನಗಿರಿಯ ಅಡಿಕೆ ವರ್ತಕರು ಕಾರುಗಳಲ್ಲಿ ಬಂದಿಳಿದರು. ಎಲ್ಲರ ತಲೆಯ ಮೇಲೂ ಹೊಸ ಬಿಳಿ ಟೋಪಿ. ಗಂಡಾಳುಗಳು ಬಂದಿರಲಿಲ್ಲ. ಮಹೇಶ ಮೈದಾನವನ್ನು ನೋಡಿದ, ನನ್ನನ್ನು ನೋಡಿದ, ಆಳೆತ್ತರದ ಫ್ಲೆಕ್ಸನ್ನೂ ನೋಡಿದ. ಅತಿಥಿಗಳಲ್ಲಿ ಹಿರಿಯರೊಬ್ಬರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಉಜ್ಜಿ, "ಹದ ಚಲೋ ಐತೆ ಮಹೇಶಪ್ಪ. ಮೆಕ್ಕೆಜೋಳ ಹಾಕ್ತೀಯೇನು?" ಎಂದರು. ಚೆಂಡನ್ನು ಯಾರೂ ಹೊರಗೆ ತೆಗೆಯಲಿಲ್ಲ. ಊಟ ಚೆನ್ನಾಗಿತ್ತಂತೆ. ನಾನು ಫ್ಲೆಕ್ಸಿನ ಹಿಂದೆ ನಿಂತಿದ್ದೆ.

ಅಂದಿನಿಂದ ತವರಿನ ಫೋನು ಬರಲಿಲ್ಲ. ವಿಶಾಲಾಕ್ಷಿ ದಿನವೂ ಫೋನನ್ನು ಕಣ್ಣಿಗೆ ಬೀಳುವ ಕಡೆ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದಳು. ಗೌರಿ ಹಬ್ಬ ಹತ್ತಿರ ಬಂತು. ಪ್ರತಿ ವರ್ಷ ಮಹೇಶ ಅಕ್ಕನಿಗೆ ಬಾಗಿನ ತರುತ್ತಾನೆ. ಈ ವರ್ಷ ಬರಲಾರನೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬಾಗಿಲಿಗೆ ತೋರಣವನ್ನೇ ಕಟ್ಟಲಿಲ್ಲ.

ಹಬ್ಬದ ದಿನ ಕಾರು ನಿಂತ ಶಬ್ದವಾಯಿತು. ಮಹೇಶ ಬಾಗಿನದ ಮೊರ ಹಿಡಿದು ಒಳಗೆ ಬಂದ. ವಿಶಾಲಾಕ್ಷಿ ಅಡುಗೆಮನೆಗೆ ಓಡಿಹೋಗಿ ಕಣ್ಣೊರೆಸಿಕೊಂಡು ಬಂದಳು. ನಾನು ಮೂಲೆಯ ಕುರ್ಚಿಯಲ್ಲಿ ಆದಷ್ಟು ಚಿಕ್ಕದಾಗಿ ಕೂತೆ. ಕಾಫಿ ಕುಡಿದ ಮೇಲೆ ಅವನೇ ಮಾತು ತೆಗೆದ. ಜಾಲಿ ಕಡಿಸಿ, ಬಿತ್ತನೆ ತಡವಾದರೂ ಇರಲಿ ಎಂದು ಪೂರ್ತಿ ಮೆಕ್ಕೆಜೋಳ ಹಾಕಿಸಿದ್ದಾನಂತೆ. ಕುರಿ ಗೊಬ್ಬರದ ನೆಲ, ಪೈರು ಕಪ್ಪಗೆ ಬಂದಿದೆಯಂತೆ.

"ಮೊದಮೊದ್ಲು ಬೀಜ ಕೆದಕಿ ನವಿಲು, ಹಂದಿ ಭಾಳ ಕಾಟ ಕೊಟ್ವು ಅಕ್ಕ," ಎಂದ. "ಆಮೇಲೆ ಭಾವನ ಫ್ಲೆಕ್ಸ್ ತಗಂಡು ಹೊಲದ ನಡುವೆ ನಿಲ್ಸಿದ್ವಿ. ಅವತ್ತಿಂದ ಒಂದೂ ಒಳಗೆ ಕಾಲಿಟ್ಟಿಲ್ಲ."

"ಹಂದೀನೂ ಬರಲ್ವಾ?" ಎಂದಳು ವಿಶಾಲಾಕ್ಷಿ.

"ಹಂದೀನೂ ಬರಲ್ಲ. ಅವ್ವನೇ ಬಂದು ನೋಡಿ ಹೋದ್ಲು."

ವಿಶಾಲಾಕ್ಷಿ ನನ್ನ ಕಡೆ ತಿರುಗಿದಳು. ಎಷ್ಟೋ ವಾರಗಳ ಮೇಲೆ ಅವಳ ಮುಖದಲ್ಲಿ ನಗು ಮೂಡಿತ್ತು. "ನೋಡಿದ್ಯಾ ಮಹೇಶ, ನಾನು ಹೇಳಿರ್ಲಿಲ್ವಾ? ಅಂತೂ ನಮ್ಮನೆಯವ್ರು ನಮ್ಮ ತವರಿಗೆ ಒಂದು ಕೆಲಸಕ್ಕೆ ಬಂದ್ರು," ಎಂದಳು.

ಆ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಅವಳು ನಿಜವಾಗಿಯೂ ಹೆಮ್ಮೆಪಟ್ಟುಕೊಂಡಿದ್ದಳು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.